ಅಗಸಿಯ ಆಚೆಗಿದ್ದದ್ದು ಊರ ನಡುವಿಗೆ ಬಂದಾಗ

ಸಿಂಧನೂರಿನಿಂದ ಗಂಗಾವತಿ ಕಡೆಗೆ ಹೋಗಲಿ, ಕುಷ್ಟಗಿ ಕಡೆಗೆ ಹೋಗಲಿ, ಈಗ ರಸ್ತೆಯ ಎರಡೂ ಬದಿಗೆ ಬೋರ್ಡುಗಳು. ಬೋರ್ಡಿನ ಮೇಲೆ ನಗುವ ಗಂಡ ಹೆಂಡತಿ, ಒಂದು ಮಗು, ಒಂದು ತೆಂಗಿನ ಗಿಡ. ಎನ್.ಎ. ಆದ ಪ್ಲಾಟುಗಳು, ವಾಸ್ತು ಪ್ರಕಾರ, ಪ್ರಶಾಂತ ವಾತಾವರಣ, ಬಸ್‌ಸ್ಟ್ಯಾಂಡಿಗೆ ಹತ್ತೇ ನಿಮಿಷ. ಲಿಂಗಸುಗೂರಿನಲ್ಲೂ ಇದೇ. ತಾಲೂಕಾದ ಮೇಲೆ ಮಸ್ಕಿಯಲ್ಲೂ ಇದೇ. ನಿನ್ನೆ ಮೊನ್ನೆಯವರೆಗೆ ಬೆಳೆ ನಿಂತಿದ್ದ ಹೊಲಕ್ಕೆ ಮರಂ ಸುರಿದು, ಕಲ್ಲು ನೆಟ್ಟು, ಕಲ್ಲಿಗೆ ಬಿಳಿ ಬಣ್ಣ ಬಳಿದು, ದೇವರ ಹೆಸರನ್ನೋ ಮಾಲೀಕನ ಅಪ್ಪನ ಹೆಸರನ್ನೋ ಇಟ್ಟುಬಿಟ್ಟರೆ ಒಂದು 'ನಗರ' ಹುಟ್ಟಿತು.

ಇಂಥ ಬಡಾವಣೆಗಳ ಸೊಗಸನ್ನು ಬಣ್ಣಿಸುವ ಬರಹಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಬಗ್ಗೆ ಓದಿ ನೋಡಿ. ಸಾಲು ಮರ, ಅಗಲ ರಸ್ತೆ, ಕಾಫಿಯ ವಾಸನೆ, ಸಂಗೀತ ಕಚೇರಿ. 1890ರ ದಶಕದಲ್ಲಿ ಗೀಟು ಹೊಡೆದ, 1898ರ ಪ್ಲೇಗಿನ ಹೊತ್ತಿಗೆ ಪೇಟೆಯಿಂದ ಓಡಿಬಂದವರು ತುಂಬಿಕೊಂಡ ಬಡಾವಣೆಗಳವು. ಅವುಗಳ ನಕಾಶೆಯಲ್ಲೇ ಜಾತಿಗೊಂದು ಭಾಗ ಗುರುತಾಗಿತ್ತು ಎಂಬುದನ್ನು ಮಾತ್ರ ಕಾಫಿ ಕುಡಿದವರು ಬರೆಯುವುದಿಲ್ಲ. ಬಡಾವಣೆಯ ಚರಿತ್ರೆ ಎಂದರೆ ಅಲ್ಲಿ ಮನೆ ಕಟ್ಟಿದವರ ಚರಿತ್ರೆ ಎಂದೇ ಎಲ್ಲರೂ ತಿಳಿದಿದ್ದಾರೆ. ಗಾರೆ ಕಲಸಿದವರದು, ಅದಕ್ಕೂ ಮುಂಚೆ ಆ ಹೊಲ ಉತ್ತವರದು ಲೆಕ್ಕಕ್ಕಿಲ್ಲ.

ನಮಗೆ ಈ ವಿಷಯ ತಲೆಗೆ ಹತ್ತಿದ್ದು ಪುಸ್ತಕ ಓದಿ ಅಲ್ಲ. ನಮ್ಮ ಗೆಳೆಯರೊಬ್ಬರು ಮಾಸ್ತರು. ಹಳ್ಳಿಯ ಶಾಲೆಯಿಂದ ಈ ಮೂರು ಊರುಗಳಲ್ಲೊಂದಕ್ಕೆ ವರ್ಗವಾಗಿ ಬಂದರು. ಬಾಡಿಗೆ ಮನೆ ಹುಡುಕಲು ನಾವೂ ಜೊತೆಗೆ ಹೋದೆವು. ಹೊಸ ಬಡಾವಣೆ, ಹೊಸ ಮನೆ, ಬಾಗಿಲಿಗೆ 'ಬಾಡಿಗೆಗೆ ಇದೆ' ಎಂಬ ರಟ್ಟು. ಮನೆಯೊಡತಿ ಒಳಗೆ ಕರೆದಳು, ಕುರ್ಚಿ ಹಾಕಿದಳು, ನೀರು ಕೊಟ್ಟಳು. ಪಗಾರ ಎಷ್ಟು ಎಂದು ಕೇಳಿದಳು, ಮಕ್ಕಳು ಎಷ್ಟು ಎಂದು ಕೇಳಿದಳು. ಕೊನೆಗೆ, "ಸರ, ತಪ್ಪು ತಿಳಕೋಬ್ಯಾಡ್ರಿ, ನಿಮ್ಮದು ಯಾವ ಪೈಕಿ ಆತ್ರಿ?" ಎಂದಳು. ಗೆಳೆಯರು ಮುಚ್ಚಿಡದೆ ಹೇಳಿದರು. ಆಕೆಗೆ ತಟ್ಟನೆ ನೆನಪಾಯಿತು: ಮನೆಯನ್ನು ತಂಗಿಯ ಮಗನಿಗೆ ಕೊಡುವುದೆಂದು ಮಾತಾಗಿಬಿಟ್ಟಿತ್ತಂತೆ. ಅವತ್ತು ಏಳು ಮನೆ ನೋಡಿದೆವು. ಏಳಕ್ಕೂ ಒಬ್ಬ ತಂಗಿಯ ಮಗನೋ ಅಣ್ಣನ ಮಗಳೋ ಇದ್ದರು.

ಈಗ ಆ ಮಾಸ್ತರು ಕೇರಿಯಲ್ಲೇ ಮನೆ ಮಾಡಿದ್ದಾರೆ. ಶಾಲೆಗೆ ಐದು ನಿಮಿಷ. ಬಜಾರು, ದವಾಖಾನೆ, ಬಸ್‌ಸ್ಟ್ಯಾಂಡು ಎಲ್ಲವೂ ಕೂಗಳತೆಯಲ್ಲಿ. ಬೋರ್ಡಿನವರು ಹೇಳುವ ಅನುಕೂಲಗಳೆಲ್ಲ ಅವರಿಗೆ ಕೇರಿಯಲ್ಲೇ ಸಿಕ್ಕಿವೆ. ಏಕೆಂದರೆ ಆ ಕೇರಿ ಈಗ ಊರ ನಟ್ಟನಡುವೆ ಇದೆ.

ಅಗಸಿಯ ಹೊರಗೆ, ಗಾಳಿ ಬೀಸುವ ದಿಕ್ಕು ನೋಡಿ ಇಟ್ಟಿದ್ದ ಕೇರಿ ಊರ ನಡುವಿಗೆ ಬಂದದ್ದು ಹೇಗೆ? ಕೇರಿಯೇನು ರಾತ್ರೋರಾತ್ರಿ ಎದ್ದು ನಡೆದು ಬಂದಿತೆ? ಬಂದ ಮೇಲೆ ಅದಕ್ಕೆ ಏನಾಯಿತು? ಈ ಮೂರು ಊರುಗಳನ್ನೇ ಇಟ್ಟುಕೊಂಡು ನೋಡೋಣ.

*

ಮೊದಲು ಮಾತಿನ ಲೆಕ್ಕ. ಹಳೆಯ ಕನ್ನಡದಲ್ಲಿ ಕೇರಿ ಎಂದರೆ ಬೀದಿ, ಅಷ್ಟೆ. ಯಾರ ಬೀದಿಯಾದರೂ ಕೇರಿಯೇ. ಬರಬರುತ್ತ ನಮ್ಮ ಕಡೆ ಉಳಿದವರಿಗೆ ಓಣಿ ಬಂತು, ಪೇಟೆ ಬಂತು, ಗಲ್ಲಿ ಬಂತು. ಕೇರಿ ಎಂಬ ಮಾತು ನಮಗೊಬ್ಬರಿಗೆ ಉಳಿಯಿತು. ಹೊಲಗೇರಿ, ಮಾದಿಗೇರಿ. ಸರಕಾರ ಬಂದು 'ಹರಿಜನವಾಡಾ' ಎಂದಿತು. ಆಮೇಲೆ ಜನತಾ ಕಾಲೋನಿ, ಇಂದಿರಾನಗರ. ನಮ್ಮ ಹುಡುಗರು ತಾವೇ ಬೋರ್ಡು ಬರೆಸಿ ಅಂಬೇಡ್ಕರ್ ನಗರ ಎಂದರು. ಹೆಸರು ನಾಲ್ಕು ಸಲ ಬದಲಾದರೂ ಆಟೋದವನಿಗೆ ಹೇಳುವಾಗ ಊರವರು ಈಗಲೂ ಹಳೆಯ ಹೆಸರೇ ಹೇಳುತ್ತಾರೆ.

ಇನ್ನೊಂದು ತಮಾಷೆ. ನಗರಗಳಲ್ಲಿನ ಬಡವರ ವಸತಿಗೆ ಸರಕಾರದ ಕನ್ನಡದಲ್ಲಿ ಇರುವ ಮಾತು 'ಕೊಳಗೇರಿ'.  ಕೊಳಕಾದ ಕೇರಿ. ಕೊಳೆಯನ್ನು ಹೇಳಬೇಕಾದಾಗ ಭಾಷಾಪಂಡಿತರಿಗೂ ಕೊಳೆ ಓಣಿ, ಕೊಳೆ ಪೇಟೆ ಹೊಳೆಯಲಿಲ್ಲ, ನಮ್ಮ ಮಾತೇ ಬೇಕಾಯಿತು.

*

ಮಸ್ಕಿಯನ್ನು ಚರಿತ್ರೆಯ ಪುಸ್ತಕಗಳು ಒಂದೇ ಕಾರಣಕ್ಕೆ ಬಲ್ಲವು. 1915ರಲ್ಲಿ ಬೀಡನ್ ಎಂಬ ಬಿಳಿಯ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದವನು ಗುಡ್ಡದ ಬಂಡೆಯ ಮೇಲೆ ಅಕ್ಷರ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪಿಯ, ಪಿಯದಸಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕದ್ದು ಮಸ್ಕಿಯಲ್ಲಿ. ಆಮೇಲೆ ತುಂಗಭದ್ರೆಯ ಆಚೆಗೆ ನಿಟ್ಟೂರು, ಉದೇಗೊಳಂಗಳಲ್ಲೂ ಆ ಹೆಸರು ಸಿಕ್ಕಿತು. ಶಾಲೆಯ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಇದು. ಮಾಸ್ತರುಗಳೆಲ್ಲ ಕೇಳುತ್ತಾರೆ, ಹುಡುಗರೆಲ್ಲ ಬರೆಯುತ್ತಾರೆ.

ಆದರೆ ಆ ಬಂಡೆ ಏನು ಹೇಳುತ್ತದೆ? ಈ ಧರ್ಮದ ದಾರಿ ದೊಡ್ಡವರಿಗಷ್ಟೇ ಸಿಗುವುದೆಂದು ತಿಳಿಯಬೇಡಿ, ಸಣ್ಣವರಿಗೂ ಸಿಗುತ್ತದೆ, ದೊಡ್ಡವರಿಗೂ ಸಣ್ಣವರಿಗೂ ಇದನ್ನು ತಿಳಿಸಿ ಎಂಬ ಅರ್ಥದ ಮಾತು ಅದರಲ್ಲಿದೆ. ಪಾಲಿಗೆ ಹತ್ತಿರದ ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ, ಎರಡು ಸಾವಿರದ ಇನ್ನೂರೈವತ್ತು ವರ್ಷದ ಹಿಂದೆ ನಮ್ಮ ನೆಲದಲ್ಲಿ ಕೊರೆದ ಮಾತು. ಪಠ್ಯಪುಸ್ತಕ ದೊರೆಯ ಹೆಸರನ್ನು ಹಿಡಿದುಕೊಂಡಿತು, ದೊರೆ ಆಡಿದ ಮಾತನ್ನು ಬಿಟ್ಟುಬಿಟ್ಟಿತು. ಮಸ್ಕಿಯ ಕೇರಿಯ ಹುಡುಗನಿಗೆ ಈ ಎರಡನೆಯದೇ ಬೇಕಾಗಿತ್ತು.

ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದರು. ಅದಕ್ಕೆ ಎರಡು ವರ್ಷ ಮುಂಚೆ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅಗೆಸಿದ್ದರು. ಈಚೆಗೆ ಒಂದೂವರೆ ದಶಕದಿಂದ ದೇಶದ, ಹೊರದೇಶದ ವಿದ್ವಾಂಸರು ಮಸ್ಕಿಯ ಸುತ್ತಮುತ್ತ ಹೊಲ ಹೊಲ ತಿರುಗಿ ನೋಡುತ್ತಿದ್ದಾರೆ. ಮಣ್ಣಿನ ಪದರಗಳಲ್ಲಿ ಸಿಕ್ಕವರು ಯಾರು? ದನ ಸಾಕಿದವರು, ಕಲ್ಲುಕೊಡಲಿ ಮಸೆದವರು, ಗಡಿಗೆ ಮಾಡಿದವರು, ಕಬ್ಬಿಣ ಕಾಸಿದವರು. ಚೋಳರ ರಾಜೇಂದ್ರ ಚಾಲುಕ್ಯರ ಜಯಸಿಂಹನನ್ನು ಮುಸಂಗಿಯಲ್ಲಿ ಸೋಲಿಸಿದನಂತೆ, ಮುಸಂಗಿ ಎಂದರೆ ಮಸ್ಕಿಯೇ ಎಂದು ಅನೇಕರು ಹೇಳುತ್ತಾರೆ. ಇರಲಿ. ದೊರೆಗಳು ಬಂದು ಹೊಡೆದಾಡಿ ಹೋದರು. ಕಬ್ಬಿಣ ಕಾಸಿದವರ, ದನ ಕಾಯ್ದವರ, ತೊಗಲು ಹದ ಮಾಡಿದವರ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದರೆ ಗುಡ್ಡದ ಮೇಲೆ ನಿಂತು ಕೈ ತೋರಿಸಬಹುದು.

*

ಲಿಂಗಸುಗೂರಿನ ಕತೆ ಬೇರೆ. ಅಲ್ಲಿ ಹೊರಗಿನದೇ ಊರನ್ನು ನುಂಗಿತು.

ಹಳೆಯ ಊರು ಕಸಬಾ ಲಿಂಗಸುಗೂರು. ಈಗ ಕೋರ್ಟು, ಕಚೇರಿ, ಬಸ್‌ಸ್ಟ್ಯಾಂಡು, ಬಜಾರು ಇರುವುದು ಛಾವಣಿಯಲ್ಲಿ. ಛಾವಣಿ ಎಂದರೆ ದಂಡು ಬಿಟ್ಟ ಜಾಗ. ನಿಜಾಮನ ಹೆಸರಿನಲ್ಲಿ, ನಿಜಾಮನ ರೊಕ್ಕದಲ್ಲಿ, ಬ್ರಿಟಿಷ್ ಅಧಿಕಾರಿಗಳ ಕೈಯಲ್ಲಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆಯ ಠಾಣೆಗಳಲ್ಲಿ ಲಿಂಗಸುಗೂರೂ ಒಂದು. ಆ ಪಡೆಯ ಖರ್ಚು ತೀರಿಸಲಾಗದೆ 1853ರಲ್ಲಿ ನಿಜಾಮ ವರ್‍ಹಾಡ, ಧಾರಾಶಿವಗಳ ಜೊತೆಗೆ ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ರಾಯಚೂರು ದೋಆಬನ್ನೂ ಇಂಗ್ಲಿಷರಿಗೆ ಬಿಟ್ಟುಕೊಟ್ಟ. 1860ರಲ್ಲಿ ಅದು ತಿರುಗಿ ಬಂತು. ಅಂದರೆ ಎಡೆದೊರೆ ನಾಡಿನ ಜೋಳದ ಹೊಲಗಳ ಕಂದಾಯ ಆ ಏಳು ವರ್ಷ ನೇರವಾಗಿ ದಂಡಿನ ಹೊಟ್ಟೆಗೆ ಹೋಯಿತು. 1858ರಲ್ಲಿ ಸುರಪುರದ ಬೇಡ ನಾಯಕನ ಮೇಲೆ ಹೋದ ದಂಡಿನಲ್ಲಿ ಲಿಂಗಸುಗೂರಿನ ಪಡೆಯೂ ಇತ್ತು. ನಮ್ಮ ರೊಕ್ಕದಲ್ಲಿ ನಮ್ಮವರನ್ನೇ ಹೊಡೆಯುವ ಏರ್ಪಾಡು ಹೊಸದೇನೂ ಅಲ್ಲ.

ದಂಡು ಬಂದರೆ ಬರೇ ಸಿಪಾಯಿಗಳು ಬರುವುದಿಲ್ಲ. ಕವಾಯತಿನ ಬಯಲು, ಸಾಹೇಬರ ಬಂಗಲೆ, ಸಿಪಾಯಿಗಳ ಲೈನು, ಅದರ ಕೆಳಗೆ ಸದರ್ ಬಜಾರು. ಬಜಾರಿನ ಅಂಚಿಗೆ ಕುದುರೆಗೆ ಹುಲ್ಲು ತರುವವರು, ಜೀನು ಹೊಲಿಯುವವರು, ನೀರು ಹೊರುವವರು, ಕಕ್ಕಸು ಬಳಿಯುವವರು. ಯಾವ ಛಾವಣಿಯಲ್ಲಾದರೂ ಇದೇ ನಕಾಶೆ. ಊರಿನಲ್ಲಿ ಅಗಸಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸರ್ವೇ ಗೀಟು ಮಾಡಿತು.

ಹಾಗೆಂದು ಛಾವಣಿಯನ್ನು ಬರೇ ಬೈದರೆ ನ್ಯಾಯವಾಗದು. ಊರಿನಲ್ಲಿ ನಮ್ಮವರಿಗೆ ಸಿಗುತ್ತಿದ್ದದ್ದು ಸುಗ್ಗಿಯ ಕಾಲಕ್ಕೆ ಆಯ, ಮದುವೆಯಲ್ಲಿ ಉಳಿದ ಅನ್ನ, ಸತ್ತ ದನ. ಛಾವಣಿಯಲ್ಲಿ ತಿಂಗಳಿಗೆ ಎಣಿಸಿ ಕೊಡುವ ರೊಕ್ಕ ಇತ್ತು. ರೊಕ್ಕ ಕೈಗೆ ಬಂದವನಿಗೆ ಗೌಡನ ಕಟ್ಟೆಯ ಮುಂದೆ ಕಾಯುವ ಪ್ರಮೇಯ ಇರಲಿಲ್ಲ. ಅಂಬೇಡ್ಕರ್ ಹುಟ್ಟಿದ್ದು ಹಳ್ಳಿಯಲ್ಲಿ ಅಲ್ಲ, 1891ರಲ್ಲಿ ಮಹೂ ಛಾವಣಿಯಲ್ಲಿ. ಅವರ ತಂದೆ ರಾಮಜಿ ಸಕ್ಪಾಲ್ ಸುಬೇದಾರರು, ಪಡೆಯ ಶಾಲೆಯಲ್ಲಿ ಕಲಿಸಿದವರು. ಆಮೇಲೆ ಇಂಗ್ಲಿಷರು ಮಹಾರರನ್ನು ಪಡೆಗೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಇದ್ದ ಒಂದು ಕಿಂಡಿಯೂ ಮುಚ್ಚಿತು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು ಹಳ್ಳಿಯನ್ನು ಹಾಡಿ ಹೊಗಳುವವರ ಮುಖಕ್ಕೆ ಬಾಬಾಸಾಹೇಬರು ಹೇಳಿದ ಮಾತಿನ ಹಿಂದೆ ಈ ಅನುಭವವೂ ಇತ್ತೆಂದು ನಾವು ತಿಳಿಯುತ್ತೇವೆ. ಊರು ನಮಗೆ ತಾಯಿಯಾಗಿರಲಿಲ್ಲ. ಊರು ಬಿಟ್ಟು ಹೋಗುವುದೇ ನಮಗೆ ಬಹಳ ಸಲ ಬಿಡುಗಡೆಯಾಗಿತ್ತು.

1903ರಲ್ಲಿ ಕಂಟಿಂಜೆಂಟ್ ಇಂಡಿಯಾದ ಸೈನ್ಯದಲ್ಲಿ ಕರಗಿಹೋಯಿತು. 1905ರಲ್ಲಿ ಲಿಂಗಸುಗೂರು ಜಿಲ್ಲೆಯೂ ಹೋಯಿತು. ಹೌದು, ಲಿಂಗಸುಗೂರು ಒಂದು ಕಾಲಕ್ಕೆ ಜಿಲ್ಲೆ. ಈಗ ತಾಲೂಕು. ದಂಡು ಹೋಯಿತು, ಜಿಲ್ಲೆ ಹೋಯಿತು, ಗೀಟು ಉಳಿಯಿತು. ಹಳೆಯ ಊರಾದ ಕಸಬಾ ಈಗ ಛಾವಣಿಯ ಒಂದು ಮೂಲೆಯಂತಿದೆ. ಮೂಲ ಊರಿನವರೇ 'ಊರ ಹೊರಗಿನವರು' ಆದದ್ದನ್ನು ನೋಡಿದರೆ ನಮಗೆ ನಗು ಬರುತ್ತದೆ, ನಕ್ಕರೆ ತಪ್ಪೇನಿಲ್ಲ. ಆದರೆ ಕಸಬಾದ ಕೇರಿ ಆ ಹೊರಗಿನದಕ್ಕೂ ಹೊರಗೆ ಇತ್ತೆಂಬುದನ್ನು ಮರೆಯಬಾರದು.

ಅದೇ ತಾಲೂಕಿನಲ್ಲಿ ಹಟ್ಟಿ ಇದೆ. ಮೈಸೂರು ಕಡೆ ಹಟ್ಟಿ ಎಂದರೆ ದನದ ದೊಡ್ಡಿ, ಇಲ್ಲವೆ ನಮ್ಮವರ ಕೇರಿ. ನಮ್ಮ ಕಡೆ ಹಟ್ಟಿ ಎಂದರೆ ಚಿನ್ನದ ಗಣಿ. ಬಿಳಿಯರ ಕಂಪನಿ 1902ರಿಂದ 1920ರವರೆಗೆ ತೋಡಿ ಬಿಟ್ಟುಹೋಯಿತು. 1947ರಲ್ಲಿ ಹೈದರಾಬಾದ್ ಸರಕಾರದ ಕಂಪನಿ ಹುಟ್ಟಿತು. ಅಲ್ಲಿಯೂ ಊರು ಬೇರೆ, ಕ್ಯಾಂಪು ಬೇರೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶಕ್ಕೆ ಗಣಿಯಿಂದ ಚಿನ್ನ ಕೊಡುತ್ತಿರುವ ಮುಖ್ಯ ಜಾಗ ಇದೇ. ನೆಲದೊಳಗೆ ಸಾವಿರಾರು ಅಡಿ ಇಳಿಯುವವನು ಯಾವ ಜಾತಿಯವನಾದರೂ ಕತ್ತಲು ಒಂದೇ, ಮೇಲೆ ಬಂದ ಕೂಡಲೆ ಕ್ವಾರ್ಟರ್ಸ್ ಬೇರೆ ಬೇರೆ.

*

ಸಿಂಧನೂರಿಗೆ ಬರೋಣ. ಈ ಬರಹದ ಹೊಟ್ಟೆ ಇರುವುದೇ ಇಲ್ಲಿ.

ಸಿಂಧನೂರು ಎಂದರೆ ಈಗ ಸೋನಾ ಮಸೂರಿ, ಅಕ್ಕಿ ಗಿರಣಿ, ಟ್ರ್ಯಾಕ್ಟರ್ ಶೋರೂಮು, ಸಂಜೆಯಾದರೆ ಬಣ್ಣ ಬಣ್ಣದ ದೀಪ. 2011ರ ಜನಗಣತಿಯಲ್ಲಿ ಜನಸಂಖ್ಯೆ 75 ಸಾವಿರ ದಾಟಿತ್ತು. 2024ರಲ್ಲಿ ರೈಲೂ ಬಂತು. ಆದರೆ ಎಪ್ಪತ್ತು ವರ್ಷದ ಹಿಂದೆ ಇದು ಎರೆಮಣ್ಣಿನ ಒಣ ಸೀಮೆ. ಜೋಳ, ಹತ್ತಿ, ಸಜ್ಜೆ, ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಗುಳೆ. 1945ರಲ್ಲಿ ತುಂಗಭದ್ರೆಗೆ ಅಡ್ಡಗಟ್ಟೆಯ ಕಲ್ಲು ಇಟ್ಟರು, ಒಂದು ದಂಡೆ ನಿಜಾಮನದು, ಇನ್ನೊಂದು ಮದ್ರಾಸಿನದು. 1953ರಲ್ಲಿ ಕಟ್ಟೆ ಮುಗಿಯಿತು. 1948ರಲ್ಲಿ ನಿಜಾಮ ಹೋದ, 1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿತು, ಅಷ್ಟರಲ್ಲಿ ಎಡದಂಡೆಯ ಕಾಲುವೆ ನಮ್ಮ ಎರೆಯನ್ನು ಸೀಳಿಕೊಂಡು ಬರುತ್ತಿತ್ತು.

ಕಾಲುವೆ ತಾನಾಗಿ ಬರಲಿಲ್ಲ. ಒಡ್ಡರು ಬಂಡೆ ಒಡೆದರು. ಹೊಲೆಯರು, ಮಾದಿಗರು, ಲಂಬಾಣಿಗರು ಗುದ್ದಲಿ ಬುಟ್ಟಿ ಹಿಡಿದರು. ಬಸುರಿಯರು ಮಣ್ಣು ಹೊತ್ತರು. ಎಂಜಿನಿಯರು, ಓವರ್‌ಸಿಯರು, ಗುಮಾಸ್ತರು ಇರಲು ಲೋಕೋಪಯೋಗಿ ಇಲಾಖೆಯವರು ಊರ ಹೊರಗೆ ನೇರ ಗೀಟು ಹಾಕಿ ಕ್ವಾರ್ಟರ್ಸ್ ಕಟ್ಟಿದರು. ಬೇವಿನ ಗಿಡ ನೆಟ್ಟರು, ನಳ ಹಾಕಿದರು. ಪಿ.ಡಬ್ಲ್ಯು.ಡಿ. ಕ್ಯಾಂಪ್ ಎಂದು ಸಿಂಧನೂರಿನಲ್ಲಿ ಇವತ್ತಿಗೂ ಹೆಸರಿದೆ. ಆಗ ಅದು ಊರಾಚೆಯ ಜಾಲಿಗಿಡದ ನಡುವೆ. ಈಗ ಊರೊಳಗೆ. ನೇರ ರಸ್ತೆ, ನೆರಳು, ಕಚೇರಿ ಹತ್ತಿರ ಎಂದು ನೌಕರಿಯವರು ಇಷ್ಟಪಡುವ ಜಾಗ. ಗುದ್ದಲಿ ಹಿಡಿದವರಿಗೆ ಕ್ವಾರ್ಟರ್ಸ್ ಇರಲಿಲ್ಲ. ಅವರು ಈಚಲ ಚಾಪೆಯ ಗುಡಿಸಲು ಹಾಕಿಕೊಂಡು ಕಾಲುವೆಯ ಜೊತೆಗೇ ಮುಂದೆ ಮುಂದೆ ಹೋದರು. ಅವರು ಬಿಟ್ಟುಹೋದ ಜಾಗಕ್ಕೆ ಯಾರೂ ಹೆಸರಿಡಲಿಲ್ಲ.

ಈ ಕಾಲುವೆಯನ್ನು ಯೋಜಿಸಿದ್ದು ಬರ ತಡೆಯಲಿಕ್ಕೆ. ಜೋಳ, ಹತ್ತಿ, ಶೇಂಗಾಗಳಿಗೆ ಮಿತವಾಗಿ ನೀರು ಕೊಟ್ಟು ಬಹಳ ಹೊಲಗಳನ್ನು ಮುಟ್ಟಬೇಕೆಂಬುದು ಕಾಗದದ ಮೇಲಿನ ಮಾತು. ಭತ್ತಕ್ಕೆ ಸ್ವಲ್ಪ ಭಾಗ ಮಾತ್ರ. ಕೃಷ್ಣಾ, ಗೋದಾವರಿ, ಗುಂಟೂರಿನ ರೈತರು ಬಂದರು. ನೀರಿನ ರುಚಿ ಕಂಡವರು, ಭತ್ತದ ವಿದ್ಯೆ ಬಲ್ಲವರು. ತಮ್ಮ ಕಡೆ ಒಂದು ಎಕರೆ ಮಾರಿದರೆ ಇಲ್ಲಿ ಹಲವು ಎಕರೆ. ನಮ್ಮ ರೈತರಿಗೆ ಎರೆಯನ್ನು ಮಡಿ ಮಾಡುವ ರೊಕ್ಕವೂ ಇರಲಿಲ್ಲ, ಧೈರ್ಯವೂ ಇರಲಿಲ್ಲ, ಮಾರಿದರು. ಹೊಲದ ನಡುವೆ ಕ್ಯಾಂಪುಗಳು ಎದ್ದವು. ಬಂದವರು ದುಡಿದರು, ಅದನ್ನು ಇಲ್ಲವೆನ್ನಲಾಗದು. ಮೇಲುಭಾಗದವರು ಭತ್ತಕ್ಕೆ ನೀರು ಹಿಡಿದರು, ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯ ಹೊಲಗಳಿಗೆ ನೀರು ಬರುವುದು ಇವತ್ತಿಗೂ ದೇವರ ದಯೆ. ನಾಟಿ ಹಚ್ಚಲು ಬೇಕಾದ ಕೈಗಳು ಮಾತ್ರ ಎಲ್ಲ ಕಡೆಗೂ ಕೇರಿಯವೇ. ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರ ಸಾಲನ್ನು ನೋಡಿದವರು ಸೋನಾ ಮಸೂರಿಯ ಬಿಳುಪನ್ನು ಹೊಗಳುವಾಗ ಸ್ವಲ್ಪ ತಡೆಯಬೇಕು.

ಇನ್ನೊಂದು ಬಗೆಯ ಕ್ಯಾಂಪುಗಳೂ ಇವೆ, ಆರ್.ಎಚ್. ಕ್ಯಾಂಪುಗಳು. ಪೂರ್ವ ಬಂಗಾಳದಿಂದ ನೆಲೆ ಕಿತ್ತು ಬಂದವರನ್ನು ಸರಕಾರ 1970ರ ದಶಕದಲ್ಲಿ ಸಿಂಧನೂರಿನ ಹತ್ತಿರ ತಂದು ಇಳಿಸಿತು. ಅವರಲ್ಲಿ ಬಹಳ ಮಂದಿ ನಾಮಶೂದ್ರರು, ಬಂಗಾಳದ ಅಸ್ಪೃಶ್ಯರು. 1946ರಲ್ಲಿ ಮುಂಬಯಿಯಲ್ಲಿ ದಾರಿ ಮುಚ್ಚಿದಾಗ ಅಂಬೇಡ್ಕರರನ್ನು ಬಂಗಾಳದಿಂದ ಸಂವಿಧಾನ ಸಭೆಗೆ ಆರಿಸಿ ಕಳಿಸಿದ್ದರಲ್ಲ, ಆ ಕೆಲಸಕ್ಕೆ ನಿಂತವರು ನಾಮಶೂದ್ರರ ಮುಂದಾಳು ಜೋಗೇಂದ್ರನಾಥ ಮಂಡಲ್. ಆ ಸಮುದಾಯದ ಮಂದಿ ನಮ್ಮ ಸಿಂಧನೂರಿನ ಎರೆಯಲ್ಲಿ ಮೀನಿನ ಹೊಂಡ ತೋಡಿಕೊಂಡು ಬದುಕಿದ್ದಾರೆ. ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವಮಾನ ಅವರ ಜೊತೆಗೆ ಗಡಿ ದಾಟಿ ಬಂತು, ಹಕ್ಕು ಗಡಿಯಲ್ಲೇ ಉಳಿಯಿತು. ನಮ್ಮ ಕೇರಿಗಳಿಗೂ ಅವರ ಕ್ಯಾಂಪುಗಳಿಗೂ ಇರುವ ದೂರ ಕೆಲವೇ ಮೈಲಿ. ಆದರೂ ನಮ್ಮ ಸಭೆಗಳಿಗೆ ಅವರನ್ನು ಕರೆದದ್ದು ಎಷ್ಟು ಸಲ? ಈ ತಪ್ಪು ನಮ್ಮದು.

*

ಈಗ ಕೇರಿ ನಡುವಿಗೆ ಬಂದ ಬಗೆ. ಕೇರಿ ನಿಂತಲ್ಲೇ ನಿಂತಿತ್ತು. ನೀರು ಬಂತು, ಭತ್ತ ಬಂತು, ಗಿರಣಿ ಬಂತು, ಲಾರಿ ಬಂತು. ಊರಿಗೆ ಅಗಸಿ ಸಾಲದಾಯಿತು. ಅಗಸಿ ಬಿತ್ತು, ಕೆಲವು ಕಡೆ ಕಲ್ಲೂ ಉಳಿಯಲಿಲ್ಲ. ಗೌಡರು, ಸಾಹುಕಾರರು ಕತ್ತಲೆಯ ವಾಡೆಗಳನ್ನು ಬಿಟ್ಟು ಗಾಳಿ ಬೆಳಕಿನ ಬಡಾವಣೆಗೆ ಹೋದರು. ನೋಡಿ, ಊರ ಹೊರಗೆ ಇರುವುದು ಶಿಕ್ಷೆಯಾಗಿದ್ದದ್ದು ಒಂದೇ ತಲೆಮಾರಿನಲ್ಲಿ ಸುಖವಾಯಿತು. ಹೊರಗೆ ಹೋದವರು ಮೇಲ್ಜಾತಿಯವರಾದ್ದರಿಂದ ಹೊರಗೆಂಬುದಕ್ಕೆ 'ಪ್ರಶಾಂತ ವಾತಾವರಣ' ಎಂಬ ಹೊಸ ಹೆಸರು ಸಿಕ್ಕಿತು.

ಹೊರಗಿನ ಆ ಹೊಲಗಳು ಯಾರವು? ಎಲ್ಲವೂ ಅಲ್ಲ, ಆದರೆ ಊರಿಗೆ ಹತ್ತಿದ ಎಷ್ಟೋ ತುಂಡುಗಳು ಊರ ಚಾಕರಿಗೆಂದು ನಮ್ಮ ಹಿರಿಯರಿಗೆ ಬಿಟ್ಟಿದ್ದ ಇನಾಮು ಹೊಲಗಳು. ಓಲೆ ಒಯ್ಯುವುದು, ಡಂಗುರ ಸಾರುವುದು, ಕರೆದಾಗ ಬರುವುದು, ಇದಕ್ಕೆ ಕೂಲಿಯಾಗಿ ಎರಡು ಮೂರು ಎಕರೆ. ಗ್ರಾಮ ಚಾಕರಿಗಳನ್ನು ತೆಗೆದುಹಾಕುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು, ಹೊಲ ಸಾಗುವಳಿದಾರನ ಹೆಸರಿಗೆ ಆಗುವ ದಾರಿ ತೆರೆಯಿತು. ಹೆಸರಿಗೆ ಆದ ಹೊಲ ಕೈಯಲ್ಲಿ ನಿಂತದ್ದು ಎಷ್ಟು ದಿನ? ಮದುವೆಗೊಂದು ಸಾಲ, ದವಾಖಾನೆಗೊಂದು ಸಾಲ, ಬಿಳಿ ಹಾಳೆಯ ಮೇಲೊಂದು ಹೆಬ್ಬೆಟ್ಟು. ಸರಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಪರಭಾರೆ ಆಗಬಾರದೆಂದು 1978ರ ಕಾಯ್ದೆ ಬಂತು. ಒಳ್ಳೆಯ ಕಾಯ್ದೆ. ಅದರ ಬಲದಿಂದ ಹೊಲ ತಿರುಗಿ ಪಡೆದವರೂ ಇದ್ದಾರೆ. ಆದರೆ ಕಾಯ್ದೆ ಇದೆ ಎಂದು ಕೇರಿಗೆ ತಿಳಿಯುವುದರೊಳಗೆ ಹೊಲದಲ್ಲಿ ಗಿರಣಿ ಎದ್ದಿರುತ್ತಿತ್ತು. ತಡವಾಗಿ ಬಂದಿರಿ, ನ್ಯಾಯವಾದ ಅವಧಿಯೊಳಗೆ ಕೇಳಬೇಕಿತ್ತು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಎಷ್ಟೋ ಅರ್ಜಿಗಳು ಬಿದ್ದುಹೋದವು. ಹೋರಾಟ ನಡೆದು 2023ರಲ್ಲಿ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ಮಾಡಿ, ಕೇಳಲು ಕಾಲಮಿತಿ ಇಲ್ಲವೆಂದಿತು. ಕಾಗದ ಇದ್ದವರು ಕಚೇರಿಗೆ ಹೋಗಬೇಕು. ಕಾಗದ ಓದಬಲ್ಲ ಮಾಸ್ತರು, ವಿದ್ಯಾರ್ಥಿ ಜೊತೆಗೆ ಹೋಗಬೇಕು. ಈ ಪತ್ರಿಕೆ ಓದುವವರಿಗೆ ಇದಕ್ಕಿಂತ ದೊಡ್ಡ ಕೆಲಸ ನಾವು ಹೇಳಲಾರೆವು.

ನಡುವಿಗೆ ಬಂದ ಕೇರಿಯ ಬದುಕು ಹೇಗಿದೆ? ಬೋರ್ಡಿನವರ ಹಾಗೆ ನಾವೂ ಸ್ವಲ್ಪ ಬಣ್ಣಿಸುತ್ತೇವೆ. ಸಂಜೆಗೆ ಮಂಡಾಳು ಒಗ್ಗರಣಿ, ಮಿರ್ಚಿ. ಒಬ್ಬರ ಮನೆಯ ಹೆರಿಗೆಗೆ ಹತ್ತು ಮನೆಯ ಹೆಂಗಸರು. ಏಪ್ರಿಲ್ ಹದಿನಾಲ್ಕಕ್ಕೆ ನೀಲಿ ಬಾವುಟ, ಹಲಗಿ. ಮೊಹರಂ ಬಂದರೆ ಅಲಾಯಿ ಕುಣಿತಕ್ಕೆ ಹಿಂದೂ ಮುಸಲರೆಂಬ ಭೇದವಿಲ್ಲ, ಮುದಗಲ್ಲಿಗೆ ಹೋಗಿ ನೋಡಿದವರಿಗೆ ಇದು ಗೊತ್ತು. ಬಡಾವಣೆಯ ಕಾಂಪೌಂಡಿನೊಳಗೆ ಪಕ್ಕದ ಮನೆಯವರು ಸತ್ತರೂ ತಿಳಿಯುವುದಿಲ್ಲ. ಇಷ್ಟೆಲ್ಲ ಹೇಳಿದ ಬಾಯಲ್ಲೇ ಇದನ್ನೂ ಹೇಳಬೇಕು: ಗಟಾರಕ್ಕೆ ಮುಚ್ಚಳವಿಲ್ಲ. ಊರ ಚರಂಡಿಯ ನೀರೆಲ್ಲ ಇಳಿಜಾರಿಗೆ, ಅಂದರೆ ನಮ್ಮ ಬಾಗಿಲಿಗೆ. ಕೇರಿಯೊಳಗೂ ಬಲಗೈ ಎಡಗೈ ಎಂದು ನಡುವೆ ಕಾಣದ ಗೋಡೆ. ಒಬ್ಬರ ಮದುವೆಯಲ್ಲಿ ಇನ್ನೊಬ್ಬರು ಊಟಕ್ಕೆ ಕೂಡಲು ಹಿಂದೆಮುಂದೆ ನೋಡುವುದನ್ನು ನಾವು ಕಂಡಿದ್ದೇವೆ.

ನಡುವೆ ಇರುವ ಜಾಗಕ್ಕೆ ಬೆಲೆ ಬಂದಿದೆ. ರಸ್ತೆ ಅಗಲ ಮಾಡಬೇಕೆಂದರೆ ಮೊದಲು ಗುರುತು ಬೀಳುವುದು ಕೇರಿಯ ಗೋಡೆಗೆ. ಮಾರುಕಟ್ಟೆಯ ಮಳಿಗೆ ಕಟ್ಟಬೇಕೆಂದರೆ ಕಣ್ಣು ಕೇರಿಯ ಬಯಲಿಗೆ. ನಿಮಗೆ ಊರ ಹೊರಗೆ ಒಳ್ಳೆಯ ಮನೆ ಕಟ್ಟಿಕೊಡುತ್ತೇವೆ, ಗಾಳಿ ಬೆಳಕು ಇರುತ್ತದೆ ಎನ್ನುತ್ತಾರೆ. ನಮ್ಮ ಅಜ್ಜಂದಿರಿಗೂ ಊರ ಹೊರಗೇ ಜಾಗ ತೋರಿಸಿದ್ದರು. ಆಗ ಧರ್ಮಶಾಸ್ತ್ರ ಹಿಡಿದು ತೋರಿಸಿದರು, ಈಗ ನಗರ ಯೋಜನೆಯ ನಕಾಶೆ ಹಿಡಿದಿದ್ದಾರೆ. ಕೂಲಿಗೆ ಹೋಗುವ ನಸುಕಿನ ಟಂಟಂ ಗಾಡಿ, ಮಗಳ ಕಾಲೇಜು, ಮುದುಕನ ದವಾಖಾನೆ ಎಲ್ಲವೂ ನಡುವೆ ಇರುವಾಗ ಹೊರಗಿನ ಮನೆಯ ಗಾಳಿಯನ್ನು ಯಾರು ಉಣ್ಣಬೇಕು?

ಮಾಸ್ತರುಗಳಲ್ಲಿ ನಮ್ಮದೊಂದು ಕೇಳಿಕೆ. ಅಶೋಕನ ಒಂದು ಅಂಕದ ಪ್ರಶ್ನೆ ಮುಗಿದ ಮೇಲೆ ಹುಡುಗರಿಂದ ತಮ್ಮೂರಿನ ನಕಾಶೆ ಬರೆಸಿ. ಅಗಸಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾರಿಗೆ ಯಾವ ಬಾವಿ, ದಂಡು ಎಲ್ಲಿ ಬಿಟ್ಟಿತ್ತು, ಕಾಲುವೆಯವರ ಗುಡಿಸಲು ಎಲ್ಲಿದ್ದವು, ಯಾವ ಬಡಾವಣೆ ಯಾರ ಹೊಲದ ಮೇಲೆ ನಿಂತಿದೆ. ಅಜ್ಜಿ ಮುತ್ಯಾಗಳನ್ನು ಕೇಳಿದರೆ ಹೇಳುತ್ತಾರೆ. ಅವರು ಹೋದರೆ ಹೇಳುವವರಿಲ್ಲ.

ಈ ಬರಹಕ್ಕೆಂದು ತಿರುಗುವಾಗ ಒಂದು ಕೇರಿಯಲ್ಲಿ ಎಂಬತ್ತು ದಾಟಿದ ಮುದುಕಿಯ ಮನೆಗೆ ಹೋದೆವು. ಕಾಲುವೆಗೆ ಮಣ್ಣು ಹೊತ್ತಾಕಿ. "ಅವಾಗ ಇಲ್ಲಿ ಬರೇ ಜಾಲಿ ಇತ್ತು ತಮ್ಮಾ. ರಾತ್ರಿ ತ್ವಾಳ ಒದರತಿದ್ವು. ಊರಿನ ಮಂದಿ ಈ ಕಡಿ ಉಗುಳಾಕ ಸೈತ ಬರ್ತಿದ್ದಿಲ್ಲ. ಈಗ ಕಾರು ತಗೊಂಡು ಬಂದು ಎಷ್ಟಕ್ಕ ಕೊಡ್ತಿ ಆಯಿ ಅಂತ ಕೇಳ್ತಾರ," ಎಂದಳು. ಮಂಚದ ಕೆಳಗಿನಿಂದ ತಗಡಿನ ಟ್ರಂಕು ಎಳೆಸಿದಳು. ಅದರ ತುಂಬ ಮನೆ ಪಟ್ಟಿ ಕಟ್ಟಿದ ಪಾವತಿಗಳು, ನಳದ ಪಾವತಿ, ಕರೆಂಟಿನ ಚೀಟಿ, ಗಂಡನ ಸಾವಿನ ದಾಖಲೆ. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಹಕ್ಕುಪತ್ರ ಮಾತ್ರ ಅದರಲ್ಲಿ ಇರಲಿಲ್ಲ.

"ನನಗ ಓದಾಕ ಬರಾಂಗಿಲ್ಲ. ಒಂದೊಂದ ಓದಿ ಹೇಳ್ರಿ," ಎಂದಳು. ನಾವು ವರ್ಷ ಓದುತ್ತ ಹೋದೆವು, ಆಕೆ ಪ್ರತಿ ವರ್ಷಕ್ಕೂ ಒಂದು ಮಾತು ಹೇಳಿದಳು: ಆ ವರ್ಷ ಬರ ಬಿತ್ತು, ಆ ವರ್ಷ ದೊಡ್ಡ ಮಗಳ ಲಗ್ನ, ಆ ವರ್ಷ ಮಾಳಿಗಿ ಸೋರಿತು. ಕೊನೆಯದು ಮುಗಿದ ಮೇಲೆ ಎಲ್ಲವನ್ನೂ ಇದ್ದ ಹಾಗೇ ಜೋಡಿಸಿ ಇಡಲು ಹೇಳಿ, ಟ್ರಂಕಿನ ಕೀಲಿಯನ್ನು ಕೊರಳಿನ ದಾರಕ್ಕೆ ಕಟ್ಟಿಕೊಂಡಳು.